ನಾಲ್ಕು ಅಂಕಿಯ ಬೀಗ

ನಮ್ಮೂರಲ್ಲಿ ಕಟ್ಟದೆ ಇಟ್ಟ ವಸ್ತು ಇಟ್ಟಲ್ಲಿ ಇರುವುದಿಲ್ಲ. ಯಾರಾದರೂ ಮುಟ್ಟಿಕೊಂಡಿದ್ದರೆ ಇರುತ್ತದೆ, ಯಾರಾದರೂ ನೋಡುತ್ತಿದ್ದರೂ ಇರುತ್ತದೆ. ಕೈ ಬಿಟ್ಟು ಕಣ್ಣು ಆಚೆ ತಿರುಗಿಸಿದಿರೋ, ಹೊರಟಿತು. ಹಾಗಾಗಿ ನಮ್ಮಲ್ಲಿ ಚಮಚಕ್ಕೂ ದಾರವಿದೆ, ಕನ್ನಡಕಕ್ಕೂ ದಾರವಿದೆ, ದೇವರ ಮುಂದಿನ ಗಂಟೆಗೂ ದಾರವಿದೆ. ಕಳ್ಳರು ಮಾತ್ರ ಇಲ್ಲ. ತಾನಾಗಿ ಹೋಗುವುದನ್ನು ಕದಿಯುವ ಕಷ್ಟ ಯಾರಿಗೆ ಬೇಕು? ಬೀಗಗಳಿವೆ, ಆದರೆ ಬೀಗದ ಕೈಯನ್ನು ಬೀಗಕ್ಕೇ ಕಟ್ಟಿ ನೇತು ಹಾಕುತ್ತೇವೆ. ಬೇರೆ ಇಟ್ಟರೆ ಅದೂ ಹೋಗುತ್ತದಲ್ಲ. ಹೋದ ವಸ್ತುವನ್ನು ನಾವು ಹುಡುಕುವುದಿಲ್ಲ. ಬಾಗಿಲಿಗೆ ಬಂದು "ಸುಖವಾಗಿ ಹೋಗು" ಎಂದು ಒಂದು ಸಲ ಹೇಳಿ ಒಳಗೆ ಬರುತ್ತೇವೆ. ಹುಡುಕುತ್ತಾ ಬೀದಿ ಅಲೆಯುವವರನ್ನು ಕಂಡರೆ ಜನ ನಗುತ್ತಾರೆ.

ನಾನು ಈ ಊರಿನಲ್ಲಿ ಕುಣಿಕೆ ಹೊಲಿಯುವವಳು. ಹೆಸರು ಕಸ್ತೂರಿ, ವಯಸ್ಸು ಐವತ್ತಾರು. ಕೊಡೆಗೆ, ಚೀಲಕ್ಕೆ, ಕೂಸಿನ ಕುಲಾವಿಗೆ, ಏನು ತಂದು ಕೊಟ್ಟರೂ ಅದಕ್ಕೆ ತಕ್ಕ ಕುಣಿಕೆ ಹಾಕಿ ಕೊಡುತ್ತೇನೆ. ನನ್ನ ಕೈಯಿಂದ ಹೋದ ಗಂಟು ಬಿಚ್ಚಿಕೊಂಡದ್ದು ಇಲ್ಲ ಎಂದು ನಾನೇ ಹೇಳಿಕೊಂಡು ತಿರುಗಾಡುತ್ತಿದ್ದೆ. ಆ ಜಂಭ ಹೇಗೆ ಇಳಿಯಿತು ಎಂಬುದನ್ನೂ ನಾನೇ ಹೇಳುವುದು ಒಳ್ಳೆಯದು. ಬೇರೆಯವರು ಹೇಳಿದರೆ ಉಪ್ಪುಖಾರ ಹಚ್ಚುತ್ತಾರೆ.

ನನ್ನ ಅಣ್ಣ ಅಡಿವೆಪ್ಪ ಮೂವತ್ತೊಂದು ವರ್ಷ ನಮ್ಮೂರ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತವನು. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಎಷ್ಟು ಹೊತ್ತಿಗೆ ಬಿಡುತ್ತದೆ ಎಂದು ಹೇಳುವುದು ಅವನ ಕೆಲಸ. ಅವನ ದನಿ ಕೇಳಿ ಹೆಂಗಸರು ಒಲೆ ಹೊತ್ತಿಸುತ್ತಿದ್ದರು, ಮಾಸ್ತರರು ಶಾಲೆಯ ಗಂಟೆ ಹೊಡೆಸುತ್ತಿದ್ದರು. ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತಾರೆ. ನಮ್ಮಣ್ಣ ಎರಡನ್ನೂ ಬಲ್ಲವನೇ. ಜಗಳವೂ ಬಂತು, ರೋಗವೂ ಬಂತು. ಹೋದ ವರ್ಷ ಗಂಟಲಲ್ಲಿ ಗಡ್ಡೆಯಾಗಿ, ದೂರದ ಪಟ್ಟಣದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ಮಾತು ಹೋಯಿತು.

ಅಲ್ಲಿ ಒಬ್ಬಳು ಹುಡುಗಿ ಡಾಕ್ಟರು ಜಾಣೆ. ಆಪರೇಷನ್ನಿಗೆ ಮೊದಲು ಎಂಟು ದಿನ ಅಣ್ಣನನ್ನು ಕೂರಿಸಿ ಸಾವಿರಾರು ಮಾತು ಓದಿಸಿ ಅವನ ದನಿಯನ್ನು ಹಿಡಿದಿಟ್ಟಿದ್ದಳು. ಅದನ್ನು ಒಂದು ಲ್ಯಾಪ್‌ಟಾಪಿಗೆ ಹಾಕಿ ಕೊಟ್ಟಳು. ಅಣ್ಣ ಟೈಪು ಮಾಡಿದರೆ ಅದು ಅಣ್ಣನ ದನಿಯಲ್ಲೇ ಮಾತಾಡುತ್ತದೆ. ಏರಿಳಿತ ಸ್ವಲ್ಪ ಕಡಿಮೆ, ಬೇಸರದಲ್ಲಿರುವ ಅಣ್ಣನ ಹಾಗೆ. ಆದರೂ ಅಣ್ಣನೇ. ಮೊದಲ ಸಲ ಅದು ನನ್ನನ್ನು "ಕಸ್ತೂರಿ" ಎಂದು ಕರೆದಾಗ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಇನ್ನೊಂದು ಪ್ರತಿ ಇರಲಿ ಎಂದು ಆಕೆ ಪೆನ್‌ಡ್ರೈವ್ ಒಂದನ್ನೂ ಕೊಟ್ಟಿದ್ದಳು. ಊರಿಗೆ ಬಂದ ದಿನ ಚಹಾ ಕುದಿಸುವಷ್ಟು ಹೊತ್ತು ಅದನ್ನು ಕಿಟಕಿಯಲ್ಲಿ ಇಟ್ಟೆ. ಬೆರಳಿನಷ್ಟು ವಸ್ತು, ಎಲ್ಲಿಗೆ ಹೋದೀತು ಎಂದುಕೊಂಡೆ. ಹೋಯಿತು. ಆಸ್ಪತ್ರೆಗೆ ಫೋನು ಮಾಡಿದರೆ, ರೋಗಿಯ ಕೈಗೆ ಕೊಟ್ಟ ಮೇಲೆ ತಾವು ಏನನ್ನೂ ಇಟ್ಟುಕೊಳ್ಳುವುದಿಲ್ಲ ಎಂದರು. ಅಂದರೆ ಅಣ್ಣನ ದನಿ ಎಂಬುದು ಇನ್ನು ಆ ಒಂದು ಪೆಟ್ಟಿಗೆಯಲ್ಲಿ ಮಾತ್ರ. ಅದು ಹೋದರೆ ಅವನು ಪಾಟಿಯ ಮೇಲೆ ಬರೆದು ತೋರಿಸಬೇಕು, ಮತ್ತು ಅಣ್ಣನ ಅಕ್ಷರ ಓದಲು ಅಣ್ಣನೇ ಬೇಕು.

ಮೊದಲು ನಾನು ನನ್ನ ರೀತಿಯಲ್ಲೇ ಕಟ್ಟಿದೆ, ಉದ್ದಕ್ಕೆ ಒಂದು ಸುತ್ತು, ಅಡ್ಡಕ್ಕೆ ಒಂದು ಸುತ್ತು. ಅಣ್ಣ ಗಂಟು ಬಿಚ್ಚಿ ಮುಚ್ಚಳ ತೆರೆದು ಟೈಪು ಮಾಡಿದ: "ಕಸ್ತೂರಿ, ಇದೇನು ಹೋಳಿಗಿ ಡಬ್ಬಿ ಅಂತ ಮಾಡೀ ಏನು? ಒಂದು ಮಾತು ಆಡಾಕ ನಾಕು ಗಂಟು ಬಿಚ್ಚಬೇಕು." ಹಾಗಾದರೆ ಸರಿ ಎಂದು ಕೀಲಿನ ಸಂದಿಯಲ್ಲಿ ರೇಷ್ಮೆ ಹುರಿ ಹಾಕಿದೆ. ಎರಡು ಸಲ ಜಾರಿತು. ಒಮ್ಮೆ ಹೊಸ್ತಿಲ ಹತ್ತಿರ ಸಿಕ್ಕಿತು, ಒಮ್ಮೆ ಪಕ್ಕದ ಮನೆಯ ಮೆಟ್ಟಿಲ ಮೇಲೆ. ಅದರ ಮೈ ನುಣ್ಣಗೆ, ಕಿವಿಯಿಲ್ಲ, ಹಿಡಿಯಿಲ್ಲ. ಕುಣಿಕೆ ಹಾಕಲು ಜಾಗವೇ ಇಲ್ಲದ ವಸ್ತುವನ್ನು ನಾನು ಅವತ್ತೇ ನೋಡಿದ್ದು. ಆಮೇಲಿನ ಎರಡು ತಿಂಗಳು ಅಣ್ಣ ಅದರ ಮೇಲೆ ಕೈ ಇಟ್ಟುಕೊಂಡೇ ಮಲಗಿದ, ಕೈ ಇಟ್ಟುಕೊಂಡೇ ಉಂಡ. ಸ್ನಾನಕ್ಕೆ ಹೋದಾಗ ನಾನು ಎದುರು ಕೂತು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ.

ಹೀಗಿರುವಾಗ ಬಸ್ ನಿಲ್ದಾಣದ ಕಂಟ್ರೋಲರ್ ಜಯಶೀಲಾ ಮೇಡಂ ಮನೆಗೆ ಬಂದರು. ಬೇರೆ ಸೀಮೆಯಿಂದ ವರ್ಗವಾಗಿ ಬಂದು ಆರು ತಿಂಗಳಾಗಿತ್ತು. ಅಷ್ಟರಲ್ಲಿ ಹನ್ನೊಂದು ಊಟದ ಡಬ್ಬಿ ಕಳೆದುಕೊಂಡಿದ್ದರು, ಪಾಪ. "ಅಡಿವೆಪ್ಪನವರೇ, ನೀವು ಹೋದ ಮೇಲೆ ನಿಲ್ದಾಣದಲ್ಲಿ ಒಬ್ಬರಿಗೂ ಯಾವ ಬಸ್ಸು ಅಂತಾನೇ ಗೊತ್ತಾಗ್ತಿಲ್ಲ. ಈ ಮೆಷಿನ್ನನ್ನ ಮೈಕಿಗೆ ಜೋಡಿಸಿದ್ರೆ ನೀವು ಮತ್ತೆ ಕೂರಬಹುದಲ್ಲ? ಸೋಮವಾರದಿಂದ ಬನ್ನಿ," ಎಂದರು. ಅಣ್ಣ ಎದ್ದು ಹೋಗಿ ಖಾಕಿ ಅಂಗಿ ತಂದು ನನ್ನ ಮುಂದೆ ಇಸ್ತ್ರಿಗೆ ಇಟ್ಟ. ಆದರೆ ನಿಲ್ದಾಣವೆಂದರೆ ಊರಲ್ಲೇ ಅತಿ ಕೆಟ್ಟ ಜಾಗ. ಮನೆಯಲ್ಲಿ ಕಾಲು ಗಂಟೆ ತಡೆಯುವ ವಸ್ತು ಅಲ್ಲಿ ಐದು ನಿಮಿಷ ತಡೆಯುವುದಿಲ್ಲ. ಹೊರಡುವ ಬಸ್ಸುಗಳನ್ನು ನೋಡಿ ಅವುಗಳಿಗೂ ಹುರುಪು ಬರುತ್ತದೋ ಏನೋ. ಅಲ್ಲಿ ಕಟ್ಟಲು ಹುರಿ, ಹಗ್ಗ ಸಾಲದು ಎಂದು ಶನಿವಾರ ಇಬ್ಬರೂ ದಾವಲಸಾಬನ ಅಂಗಡಿಗೆ ಹೋದೆವು.

ದಾವಲಸಾಬನ ಅಂಗಡಿಯಲ್ಲಿ ಸರಪಳಿ, ಕೊಂಡಿ, ಬಳೆ, ಬೀಗ ಎಲ್ಲ ಇವೆ, ಎಲ್ಲವೂ ಗೋಡೆಗೆ ಕಟ್ಟಿಕೊಂಡೇ ಇವೆ. ಅವನು ಲ್ಯಾಪ್‌ಟಾಪನ್ನು ಎತ್ತಿ ಹೊರಳಿಸಿ, ಮೂಗಿನ ಹತ್ತಿರ ಹಿಡಿದು, ಪಕ್ಕದಲ್ಲಿ ಉಗುರಿನಿಂದ ಒಂದು ಸಣ್ಣ ತೂತು ತೋರಿಸಿದ. "ನೋಡು ಕಸ್ತೂರಕ್ಕ, ಕಂಪನಿಯವರು ಕಿವಿ ಚುಚ್ಚೇ ಕಳಿಸ್ಯಾರ. ನೀನು ಓಲಿ ಹಾಕೋದಷ್ಟ ಬಾಕಿ." ನಾನು ಎರಡು ತಿಂಗಳು ದಿಟ್ಟಿಸಿ ನೋಡಿದ ವಸ್ತು, ಆ ತೂತು ನನಗೆ ಕಂಡಿರಲಿಲ್ಲ. ಇಂಥದ್ದಕ್ಕೆಂದೇ ಉಕ್ಕಿನ ಎಳೆಯ ಬೀಗ ಬರುತ್ತದಂತೆ. ಒಂದು ತುದಿಯಲ್ಲಿ ಕುಣಿಕೆ, ಇನ್ನೊಂದು ತುದಿಯಲ್ಲಿ ತೂತಿಗೆ ಹೋಗುವ ಮೂತಿ. ಕುಣಿಕೆ ಎಂದ ಕೂಡಲೇ ನನಗೆ ಸ್ವಲ್ಪ ಸಮಾಧಾನವಾಯಿತು.

ಮೊದಲು ತೆಗೆದದ್ದು ಹೆಬ್ಬೆರಳಿನಷ್ಟು ದಪ್ಪದ್ದು. ನೋಡಿದರೆ ಎಮ್ಮೆ ಕಟ್ಟಬಹುದು, ಆದರೆ ಮೂತಿ ತೂತಿಗೆ ಹೋಗಲಿಲ್ಲ. "ತೂತಿನಾಗೂ ಜಾತಿ ಅದಾವು," ಎಂದ ದಾವಲಸಾಬ. "ದೊಡ್ಡ ಬಾಯಿದು ಬ್ಯಾರೆ, ಸಣ್ಣ ಬಾಯಿದು ಬ್ಯಾರೆ. ಹೊಸಾ ತೆಳ್ಳನ್ನ ಮಶೀನಿಗೆಲ್ಲ ಸಣ್ಣ ಬಾಯಿ. ಬೀಗ ಎಷ್ಟ ಗಟ್ಟಿ ಇದ್ರೇನು, ಬಾಯಾಗ ಕೂಡಲಿಲ್ಲಂದ್ರ ಮುಗೀತು." ಸಣ್ಣ ಮೂತಿಯವು ಅವನಲ್ಲಿ ಎರಡೇ ಇದ್ದವು. ಒಂದು ಬೀಗದ ಕೈಯದ್ದು, ಇನ್ನೊಂದು ನಾಲ್ಕು ಅಂಕಿ ತಿರುಗಿಸುವಂಥದ್ದು. ಎಳೆ ಎರಡರದ್ದೂ ಒಂದೇ, ಪೆನ್ಸಿಲಿನಷ್ಟು ದಪ್ಪ, ಒಂದು ಮಾರು ಉದ್ದ, ಮೇಲೆ ಕರಿಯ ಹೊದಿಕೆ. ಮೂತಿ ಅತ್ತಿತ್ತ ಹೊರಳುವುದರಿಂದ ಎಳೆ ತಿರುಚಿಕೊಳ್ಳುವುದಿಲ್ಲ ಎಂದೂ ತೋರಿಸಿದ.

ಅಣ್ಣ ಕೌಂಟರಿನ ಮೇಲೆಯೇ ಲ್ಯಾಪ್‌ಟಾಪ್ ತೆರೆದು ಟೈಪು ಮಾಡಿದ. "ಬೀಗದ ಕೈದು ಕೊಡು. ಕೈ ಇದ್ರನ ಬೀಗ." ಅಂಗಡಿಯ ಮುಂದೆ ಹೋಗುತ್ತಿದ್ದ ಇಬ್ಬರು ದನಿ ಕೇಳಿ ನಿಂತು ಒಳಗೆ ಇಣುಕಿದರು. ನಾನು ಬಿಡಲಿಲ್ಲ. "ಅಣ್ಣಾ, ಇದರ ಕೈ ನೋಡು, ಹುಣಸಿ ಬೀಜದಷ್ಟ ಐತಿ. ಅದಕ್ಕೊಂದು ದಾರ ಬೇಕು, ಆ ದಾರಕ್ಕೊಂದು ಗೂಟ ಬೇಕು. ಪೆನ್‌ಡ್ರೈವ್ ಹ್ಯಾಂಗ ಹೋತು ಮರತಿ?" ದಾವಲಸಾಬನೂ ನನ್ನ ಕಡೆಗೇ ಬಂದ. "ಖರೇ ಮಾತು. ಅಂಕಿಗೆ ಕಾಲಿಲ್ಲ ಅಡಿವೆಪ್ಪಣ್ಣ, ಎಲ್ಲಿಗೂ ಹೋಗಂಗಿಲ್ಲ." ಅಣ್ಣ ಕೊನೆಗೆ ಒಪ್ಪಿ, ಬೆಳಗಿನ ಐದು ನಲವತ್ತರ ಮೊದಲ ಬಸ್ಸಿನ ಹೊತ್ತನ್ನೇ ಅಂಕಿಯಾಗಿ ಇಡಲು ಹೇಳಿದ. ಸೊನ್ನೆ, ಐದು, ನಾಲ್ಕು, ಸೊನ್ನೆ. ಡಬ್ಬಿಯೊಳಗೆ ಬಳಸುವ ಬಗೆ ಬರೆದ ಚೀಟಿಯೊಂದು ಇತ್ತಂತೆ. ದಾವಲಸಾಬ ಡಬ್ಬಿಗೆ ದಾರ ಕಟ್ಟಿದ್ದ, ಚೀಟಿಗೆ ಕಟ್ಟಿರಲಿಲ್ಲ. ಡಬ್ಬಿ ತೆರೆದಾಗ ಬೀಗ ಮಾತ್ರ ಇತ್ತು.

ಭಾನುವಾರ ಪೂರ್ತಿ ಅಣ್ಣ ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನದ ಎಲ್ಲ ಬಸ್ಸುಗಳ ಘೋಷಣೆಯನ್ನು ತುಂಬಿಸಿದ. ಒಂದೊಂದಕ್ಕೂ ಹೊತ್ತು ಗೊತ್ತು ಮಾಡಿದ. ಆ ಹೊತ್ತಿಗೆ ಸರಿಯಾಗಿ, ಬಸ್ಸು ಬಿಡುವ ಐದು ನಿಮಿಷ ಮೊದಲು, ಯಂತ್ರ ತಾನೇ ಹೇಳಬೇಕು. ಬೆರಳು ನೋಯುತ್ತವೆ, ಪ್ರತಿ ಸಲ ಬರೆಯಲಾಗುವುದಿಲ್ಲ ಎಂಬುದು ಅವನ ಕಾರಣ. ಸೋಮವಾರ ಬೆಳಿಗ್ಗೆ ಘೋಷಣೆಯ ಕೋಣೆಗೆ ನಾನೇ ಜೊತೆಗೆ ಹೋದೆ. ಮೇಜಿಗೆ ಕಟ್ಟಬಾರದು, ಮೇಜನ್ನು ಎತ್ತಿದರೆ ಕುಣಿಕೆ ಕಾಲಿನಿಂದ ಜಾರುತ್ತದೆ, ನೆಲದಲ್ಲಿ ಬೇರು ಬಿಟ್ಟದ್ದಕ್ಕೆ ಕಟ್ಟಬೇಕು ಎಂದು ನೋಡಿ, ಮೂಲೆಯ ಕಬ್ಬಿಣದ ಕಂಬಕ್ಕೆ ಎಳೆಯನ್ನು ಸುತ್ತಿ, ಕುಣಿಕೆಯೊಳಗಿಂದ ತೂರಿಸಿ, ಮೂತಿಯನ್ನು ತೂತಿಗೆ ಒತ್ತಿದೆ. ಟಕ್ ಎಂದಿತು. ಎಳೆದು ನೋಡಿದೆ, ಬಿಗಿಯಾಗಿತ್ತು. ಸೊನ್ನೆ ಐದು ನಾಲ್ಕು ಸೊನ್ನೆ ಸಾಲಾಗಿ ಚೆಂದ ಕಾಣುತ್ತಿತ್ತು. ಬೀಗದ ಕೈಯನ್ನು ಬೀಗಕ್ಕೇ ನೇತು ಹಾಕುವ ಊರಿನವಳು ನಾನು. ಅಂಕಿಯನ್ನೂ ಹಾಗೇ ಬಿಟ್ಟೆ. ಕಣ್ಣೆದುರೇ ಇದ್ದರೆ ಯಾರು ಬೇಕಾದರೂ ತೆರೆಯಬಹುದು, ಮರೆತರೂ ತೊಂದರೆಯಿಲ್ಲ ಎಂದುಕೊಂಡೆ.

ಐದು ಮೂವತ್ತೈದಕ್ಕೆ ಮೊದಲ ಘೋಷಣೆ ಹೊರಟಿತು. "ಪ್ರಯಾಣಿಕರ ಗಮನಕ್ಕೆ." ಅಷ್ಟೇ, ಇಡೀ ನಿಲ್ದಾಣ ನಿಂತಲ್ಲೇ ನಿಂತಿತು. ಹೂವಿನವಳು ಮೊಳ ಹಾಕುತ್ತಿದ್ದ ಕೈಯನ್ನು ಹಾಗೇ ಎತ್ತಿ ಹಿಡಿದಿದ್ದಳು. ಆಮೇಲೆ ಒಬ್ಬೊಬ್ಬರಾಗಿ ಕೋಣೆಯ ಕಿಟಕಿಗೆ ಬಂದು ಅಣ್ಣನಿಗೆ ಕೈ ಮುಗಿದು ಹೋದರು. ಅಣ್ಣ ಮಧ್ಯಾಹ್ನದವರೆಗೂ ಲ್ಯಾಪ್‌ಟಾಪಿನಿಂದ ಕೈ ಎತ್ತಲಿಲ್ಲ. ಮೂರೂ ಮುಕ್ಕಾಲಿಗೆ ಜಯಶೀಲಾ ಮೇಡಂ ಬಂದು, "ಬನ್ನಿ, ಒಂದು ಲೋಟ ಚಹಾ ಕುಡಿಯೋಣ. ಬೀಗ ಇದೆಯಲ್ಲ," ಎಂದರು. ನಾನೂ ಅದನ್ನೇ ಅಂದೆ. "ಹೋಗಿ ಬಾ ಅಣ್ಣಾ, ಉಕ್ಕಿನ ಬೀಗ ಐತಿ, ನಾ ಹಾಕೀನಿ." ನನ್ನ ಬಾಯಿಂದ ಬಂದ ಮಾತು ಇದೇ. ಮೂವರೂ ಕ್ಯಾಂಟೀನಿಗೆ ಹೋದೆವು, ಹತ್ತು ನಿಮಿಷದಲ್ಲಿ ಬಂದೆವು.

ಕಂಬದಿಂದ ಕರಿಯ ಎಳೆ ಜೋತು ಬಿದ್ದಿತ್ತು. ತುದಿಯಲ್ಲಿ ಬೀಗ ಇತ್ತು, ಮುರಿದಿರಲಿಲ್ಲ, ತುಂಡಾಗಿರಲಿಲ್ಲ. ಮೈಕಿನ ತಂತಿ ಮೇಜಿನ ಮೇಲೆ ಬಿದ್ದಿತ್ತು. ಲ್ಯಾಪ್‌ಟಾಪ್ ಇರಲಿಲ್ಲ. ಜಯಶೀಲಾ ಮೇಡಂ ಬೀಗವನ್ನು ಕೈಗೆತ್ತಿಕೊಂಡು ನೋಡಿ ನನ್ನ ಮುಖ ನೋಡಿದರು. "ಏನ್ರೀ ಇದು, ನಂಬರ್ ಹಾಗೇ ಬಿಟ್ಟಿದ್ದೀರಲ್ಲ! ಹಾಕಿದ ಮೇಲೆ ಅಂಕಿಗಳನ್ನ ಕಲಸಿಬಿಡಬೇಕು. ಸರಿಯಾದ ನಂಬರ್ ಇದ್ರೆ ಈ ಗುಂಡಿ ಒತ್ತಿದ್ರೆ ಸಾಕು, ಬಂದುಬಿಡುತ್ತೆ." ಗುಂಡಿ ಒತ್ತಿ ಎಳೆಯಬೇಕೆಂದು ನನಗೆ ಹೊಳೆದಿರಲಿಲ್ಲ. ಲ್ಯಾಪ್‌ಟಾಪಿಗೆ ಹೊಳೆದಿತ್ತು.

ಅಣ್ಣ ನನ್ನ ಕಡೆ ತಿರುಗಿ ಬಾಯಿ ತೆರೆದ. ಹಳೆಯ ಅಭ್ಯಾಸ. ಆಪರೇಷನ್ನಿನಲ್ಲಿ ಗಂಟಲಿಗೆ ಮಾಡಿದ ತೂತಿನ ಮೇಲೆ ಕಟ್ಟಿದ್ದ ಬಟ್ಟೆ ಒಂದು ಸಲ ಉಬ್ಬಿ ಇಳಿಯಿತು, ಗಾಳಿ ಮಾತ್ರ ಬಂತು. ಅವನು ಬೈಯಲು ಹೊರಟಿದ್ದ, ಬೈಯಲು ಅವನ ಹತ್ತಿರ ಏನೂ ಇರಲಿಲ್ಲ. ಕುರ್ಚಿಯ ಮೇಲೆ ಕೂತು ಎರಡೂ ಕೈಯನ್ನು ಖಾಲಿ ಮೇಜಿನ ಮೇಲೆ ಇಟ್ಟುಕೊಂಡ. ಊರಿನ ರೀತಿಯಂತೆ ನಾನು ಬಾಗಿಲಿಗೆ ಹೋಗಿ "ಸುಖವಾಗಿ ಹೋಗು" ಎನ್ನಬೇಕಿತ್ತು. ಹೊರಗೆ ಹೂವಿನವಳು ಆಗಲೇ ಅಂದೂ ಬಿಟ್ಟಿದ್ದಳು. ನನಗೆ ಎಲ್ಲಿತ್ತೋ ಸಿಟ್ಟು. "ಯಾರರ ಸುಖವಾಗಿ ಹೋಗು ಅಂದ್ರ ನೋಡ್ರಿ ಮತ್ತ!" ಎಂದು ಕೂಗಿದೆ. "ಅದು ಚಮಚ ಅಲ್ಲ, ನಮ್ಮಣ್ಣನ ದನಿ. ನಾ ಹುಡುಕ್ತೀನಿ. ನಗೋರು ನಗ್ರಿ." ಯಾರೂ ನಗಲಿಲ್ಲ.

ಹುಡುಕುವುದೆಂದರೆ ಎಲ್ಲಿ ಹುಡುಕುವುದು? ಆ ಕೆಲಸ ಮಾಡಿದವರೇ ಇಲ್ಲದ ಊರು. ಬೆಂಚುಗಳ ಕೆಳಗೆ ಬಗ್ಗಿದೆ, ಕ್ಯಾಂಟೀನಿನ ಹಿಂದೆ ನೋಡಿದೆ. ಆಗ ಅಣ್ಣ ಎದ್ದು ಬಂದು ನನ್ನ ಭುಜ ಹಿಡಿದು ಗೋಡೆಯ ಗಡಿಯಾರ ತೋರಿಸಿದ. ನಾಲ್ಕು ಗಂಟೆ ಎಂಟು ನಿಮಿಷ. ಆಮೇಲೆ ಬೆರಳಿನಿಂದ ತನ್ನ ಕಿವಿ ಮುಟ್ಟಿದ. ನನಗೆ ತಿಳಿಯಿತು. ನಾಲ್ಕು ಇಪ್ಪತ್ತರ ಬಸ್ಸಿನ ಘೋಷಣೆಯನ್ನು ಅವನು ನಾಲ್ಕು ಹದಿನೈದಕ್ಕೆ ಗೊತ್ತು ಮಾಡಿದ್ದ. ಎಲ್ಲೇ ಇದ್ದರೂ ಅದು ಆ ಹೊತ್ತಿಗೆ ಮಾತಾಡಲೇಬೇಕು. ಆದರೆ ಈಗ ಮೈಕಿಲ್ಲ, ಅದರ ಸ್ವಂತ ದನಿ ಅಡುಗೆಮನೆಯ ರೇಡಿಯೋದಷ್ಟೇ. ಇದನ್ನು ಹೇಳಿದ್ದೇ ತಡ, ಜಯಶೀಲಾ ಮೇಡಂ ಸೀಟಿ ಊದುತ್ತಾ ಅಂಕಣದಿಂದ ಅಂಕಣಕ್ಕೆ ಓಡಿದರು. "ಎಂಜಿನ್ ಆಫ್ ಮಾಡಿ! ಎಲ್ಲಾ ಗಾಡಿ ಆಫ್! ಒಂದು ಗಾಡಿನೂ ಅಲ್ಲಾಡಬಾರದು!" ಏಳು ಬಸ್ಸುಗಳು ಒಂದೊಂದಾಗಿ ಗುರುಗುಟ್ಟುವುದನ್ನು ನಿಲ್ಲಿಸಿದವು. ಕ್ಯಾಂಟೀನಿನವನು ಸ್ಟೋವ್ ಆರಿಸಿದ. ತಾಯಂದಿರು ಕೂಸುಗಳ ಬಾಯಿಗೆ ಬಿಸ್ಕತ್ತು ಕೊಟ್ಟರು. ಇನ್ನೂರು ಜನ ಉಸಿರು ಬಿಗಿಹಿಡಿದು ನಿಂತರು. ನಮ್ಮೂರ ನಿಲ್ದಾಣದಲ್ಲಿ ಗುಬ್ಬಚ್ಚಿಗಳಿವೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಹದಿನೈದಾಯಿತು. ಏನೂ ಇಲ್ಲ. ನನ್ನ ಎದೆ ಬಡಿದುಕೊಳ್ಳುವುದೇ ಕೇಳುತ್ತಿತ್ತು, ಅದನ್ನೂ ನಿಲ್ಲಿಸಬೇಕು ಅನಿಸಿತು. ಆಗ ಎಲ್ಲೋ ಮೇಲಿನಿಂದ, ಸಣ್ಣಗೆ, ಬೇಸರದಲ್ಲಿರುವ ಅಣ್ಣನ ದನಿ ಬಂತು. "ಪ್ರಯಾಣಿಕರ ಗಮನಕ್ಕೆ. ಎರಡನೇ ಅಂಕಣದಲ್ಲಿ ನಿಂತಿರುವ ನಾಲ್ಕು ಇಪ್ಪತ್ತರ ಬಸ್ಸು ಇನ್ನು ಐದು ನಿಮಿಷದಲ್ಲಿ ಹೊರಡಲಿದೆ." ಎರಡನೇ ಅಂಕಣದ ಬಸ್ಸಿನ ಮಾಡಿನ ಮೇಲಿಂದಲೇ ಬಂತು. ಕಂಡಕ್ಟರು ಬರುವವರೆಗೆ ನಾನು ಕಾಯಲಿಲ್ಲ. ಸೀರೆ ಸಿಕ್ಕಿಸಿ ಹಿಂದಿನ ಏಣಿ ಹತ್ತಿದೆ. ಕೊನೆಯ ಮೆಟ್ಟಿಲಲ್ಲಿ ಕಾಲು ಜಾರಿ ಮೊಣಕಾಲು ಕೆತ್ತಿತು, ಆಮೇಲೆ ನೋಡಿಕೊಂಡೆ. ಎರಡು ಈರುಳ್ಳಿ ಚೀಲಗಳ ನಡುವೆ, ಮುಚ್ಚಳ ಸ್ವಲ್ಪ ತೆರೆದುಕೊಂಡು, ಪ್ರಯಾಣಕ್ಕೆ ಸಿದ್ಧವಾಗಿ ಅದು ಕೂತಿತ್ತು. ನಾನು ಅದರ ಮೇಲೆ ಎರಡೂ ಕೈ ಇಟ್ಟೆ. ಮುಟ್ಟಿದ ಮೇಲೆ ಅದು ಹೋಗುವಂತಿಲ್ಲ. ಬೆಚ್ಚಗಿತ್ತು. ಅಲ್ಲೇ ಈರುಳ್ಳಿ ಚೀಲದ ಮೇಲೆ ಕೂತು ಗೊಳೋ ಎಂದು ಅತ್ತೆ. ಈರುಳ್ಳಿಯ ನೆಪ ಹೇಳಲು ಬರುವಂಥ ಅಳುವಲ್ಲ ಅದು, ಕೆಳಗೆ ನಿಂತವರಿಗೆಲ್ಲ ಕೇಳಿತು. ಇನ್ನೂರು ಜನ ಒಟ್ಟಿಗೆ ಉಸಿರು ಬಿಟ್ಟದ್ದು ನನಗೂ ಕೇಳಿತು.

ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ಕೋಣೆಗೆ ಬಂದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಮ್ಮ ಪುಣ್ಯ, ಕೊಳ್ಳೆ ಹೋದ ಊರು ವಾಪಸು ಬಂದಿತ್ತು. ಮೂತಿಯನ್ನು ತೂತಿಗೆ ಒತ್ತಿದೆ. ಜಯಶೀಲಾ ಮೇಡಂ ಪಕ್ಕದಲ್ಲಿ ನಿಂತು ಹೇಳಿದಂತೆ ಅಂಕಿಯ ಚಕ್ರಗಳನ್ನು ಒಂದೊಂದಾಗಿ ತಿರುಗಿಸಿದೆ. ಕೊನೆಗೆ ಸಾಲಿನಲ್ಲಿ ನಿಂತದ್ದು ಏಳು, ಒಂದು, ಎಂಟು, ಮೂರು, ಅದಕ್ಕೆ ಯಾವ ಅರ್ಥವೂ ಇಲ್ಲ. ಗುಂಡಿ ಒತ್ತಿ ಎಳೆದೆ. ಬರಲಿಲ್ಲ. ಕಾಲನ್ನು ಕಂಬಕ್ಕೆ ಕೊಟ್ಟು ಎಳೆದೆ. ಬರಲಿಲ್ಲ. ಮೇಡಂ ಎಳೆದರು, ಕಂಡಕ್ಟರು ಎಳೆದ, ಹೂವಿನವಳೂ ಬಂದು ತನ್ನ ಪಾಲಿಗೆ ಒಂದು ಸಲ ಎಳೆದು ಹೋದಳು. ಅಣ್ಣ, ಮೇಡಂ, ನಾನು ಮೂವರೂ ಕೋಣೆಯ ಹೊರಗೆ ನಿಂತು, ಬೆನ್ನು ತಿರುಗಿಸಿ, ಹತ್ತು ನಿಮಿಷ ಗೋಡೆ ನೋಡಿದೆವು. ಒಳಗೆ ಹೋದರೆ ಅದು ಇಟ್ಟಲ್ಲೇ ಇತ್ತು. ಎರಡು ತಿಂಗಳಿಂದ ಬಿಗಿಹಿಡಿದಿದ್ದ ನನ್ನ ಹೆಗಲು ಅವತ್ತು ಇಳಿಯಿತು.

ಅಣ್ಣ ಕುರ್ಚಿ ಎಳೆದುಕೊಂಡು ಕೂತ. ಮೈಕಿನ ತಂತಿ ಚುಚ್ಚಿದ. ನಿಂತ ಬಸ್ಸುಗಳಿಗೆ ಹೊರಡಲು ಹೇಳುತ್ತಾನೆ ಎಂದುಕೊಂಡೆ. ಬಹಳ ಹೊತ್ತು ಟೈಪು ಮಾಡಿದ, ಅಳಿಸಿದ, ಮತ್ತೆ ಮಾಡಿದ. ಗುಂಡಿ ಒತ್ತಿದ. ಎಂಟು ಧ್ವನಿವರ್ಧಕಗಳಲ್ಲಿ ಅಣ್ಣನ ದನಿ ನಿಲ್ದಾಣದ ತುಂಬಾ ಬಂತು. "ಕಸ್ತೂರಿ. ಹುಚ್ಚಿ. ಊರಿಗೆಲ್ಲಾ ಕುಣಿಕಿ ಹೊಲಿಯೋಳು, ಅಣ್ಣನ ದನಿ ಕಟ್ಟಾಕ ಬರಲಿಲ್ಲ ನಿನಗ. ಬೀಗ ಹಾಕೀನಿ ಅಂತ ಎದಿ ತಟ್ಟಿಕೊಂಡು ಚಹಾ ಕುಡಿಯಾಕ ಬಂದಿ. ನಿನ್ನ ಕೈಯಾಗ ಒಂದು ಚಮಚಾನೂ ಕೊಡಬಾರದು."

ಏಳು ಬಸ್ಸುಗಳ ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದರು. ಹೂವಿನವಳು ಬಾಯಿಗೆ ಸೆರಗು ಹಚ್ಚಿಕೊಂಡು ನಗುತ್ತಿದ್ದಳು. ಐವತ್ತಾರು ವರ್ಷದಲ್ಲಿ ಅಷ್ಟು ಜನರ ಮುಂದೆ ನನಗೆ ಯಾರೂ ಬೈದಿರಲಿಲ್ಲ, ಮತ್ತು ಬೈಸಿಕೊಂಡು ಅಷ್ಟು ಸಂತೋಷವೂ ಎಂದೂ ಆಗಿರಲಿಲ್ಲ. ಕಣ್ಣೊರೆಸಿಕೊಂಡು ಅಣ್ಣನ ಕುರ್ಚಿಯ ಕೈ ಹಿಡಿದು ಹೇಳಿದೆ:

"ಅಣ್ಣಾ, ಇನ್ನೊಮ್ಮೆ ಬೈಯಿ."

ಅಣ್ಣ ನನ್ನನ್ನೇ ನೋಡಿದ. ಆಮೇಲೆ ಬೆರಳುಗಳನ್ನು ಮಡಚಿ ಬಿಡಿಸಿ, ಬರೆದದ್ದರ ಮೊದಲಿಗೆ "ಪ್ರಯಾಣಿಕರ ಗಮನಕ್ಕೆ" ಎಂದು ಸೇರಿಸಿ, ಮತ್ತೆ ಗುಂಡಿ ಒತ್ತಿದ.